ಪ್ರಚಾರ ಏಜೆನ್ಸಿಯ ಕೊಟೇಶನ್: ಯಾವ ಸಾಲಿಗೆ ದುಡ್ಡು ಕೊಡಬೇಕು, ಯಾವುದನ್ನು ಹೊಡೆದುಹಾಕಬೇಕು?

ಮುಲುಂಡ್ ಚೆಕ್‌ನಾಕಾ

ಮುಂಬಯಿಯ ಒಂದು ವಿಧಾನಸಭಾ ಕ್ಷೇತ್ರ, ಮತದಾರರು ಸುಮಾರು 2.8 ಲಕ್ಷ. ಏಜೆನ್ಸಿಯೊಂದರ ಕೊಟೇಶನ್‌ನಲ್ಲಿ ಆರು ಸಾಲುಗಳಿವೆ: ವಾರ್ ರೂಮ್ (ಪ್ರಚಾರದ ನಿಯಂತ್ರಣ ಕೋಣೆ), ಎರಡು ಸಮೀಕ್ಷೆ, ದಿನಕ್ಕೆ ಮೂರು ರೀಲ್ಸ್, ‘ಕನ್ನಡ–ತುಳು ಮತದಾರರ ಪ್ರತ್ಯೇಕ ಡೇಟಾ’, ವಾಟ್ಸಾಪ್ ಸಂದೇಶ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೂತ್ ತರಬೇತಿ. ಪಕ್ಷ ಯಾವುದು, ಅಭ್ಯರ್ಥಿ ಯಾರು ಎಂಬ ಮಾತು ಇಲ್ಲಿ ಬೇಡ. ಈ ಕೆಲಸ ಬಲ್ಲವರು ಒಂದೊಂದು ಸಾಲನ್ನೂ ಬಿಡಿಸಿ ಹೇಳಿ. ಪುಣೆ, ಗೋವಾದವರೂ ಬರೆಯಿರಿ, ಅಲ್ಲಿಯ ಲೆಕ್ಕ ಬೇರೆ ಇರುತ್ತದೆ.

ಸಯನ್ ಲೆಕ್ಕಿಗ

ಮೊದಲು ಭಾಗಾಕಾರ ಮಾಡಿ. ಅಭ್ಯರ್ಥಿಯ ವೆಚ್ಚದ ಮಿತಿ 2022ರ ಪರಿಷ್ಕರಣೆಯಂತೆ ಮಹಾರಾಷ್ಟ್ರದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಗೋವಾದಲ್ಲಿ 28 ಲಕ್ಷ ಮತ್ತು 75 ಲಕ್ಷ. ನಿಮ್ಮ ಕ್ಷೇತ್ರದಲ್ಲಿ 40 ಲಕ್ಷವನ್ನು 2.8 ಲಕ್ಷಕ್ಕೆ ಹಂಚಿದರೆ ತಲೆಗೆ 14 ರೂಪಾಯಿ ಚಿಲ್ಲರೆ. ಮುಂಬಯಿಯ ಲೋಕಸಭಾ ಕ್ಷೇತ್ರದಲ್ಲಿ, 17 ಲಕ್ಷ ಮತದಾರರೆಂದರೆ, ಐದೂವರೆ ರೂಪಾಯಿ. ಅದೇ ಗೋವಾದ ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ 29,000 ಮತದಾರರು, ತಲೆಗೆ 95 ರೂಪಾಯಿಗಿಂತ ಹೆಚ್ಚು. ಹೀಗಿರುವಾಗ ಪಣಜಿಯಲ್ಲಿ ನಡೆದ ಯೋಜನೆಯನ್ನು ಮುಲುಂಡ್‌ಗೆ ತಂದರೆ ಮೂರನೇ ದಿನಕ್ಕೆ ಡಬ್ಬ ಖಾಲಿ.

ಎರಡನೆಯದು, ಈ ಮಿತಿ ಅಭ್ಯರ್ಥಿಗೆ ಮಾತ್ರ. ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಮೇಲ್ಮಿತಿಯೇ ಇಲ್ಲ. ದೊಡ್ಡ ಏಜೆನ್ಸಿಗಳ ದೊಡ್ಡ ಬಿಲ್ ಹೋಗುವುದು ಪಕ್ಷದ ಖಾತೆಗೇ. ಆದರೆ ಜಾಹೀರಾತಿನಲ್ಲಿ ಅಭ್ಯರ್ಥಿಯ ಹೆಸರು ಅಥವಾ ಫೋಟೊ ಬಂತೋ, ಖರ್ಚು ಅಭ್ಯರ್ಥಿಯ ತಲೆಗೆ ಬರುತ್ತದೆ. ತಾರಾ ಪ್ರಚಾರಕರ ಓಡಾಟದ ಖರ್ಚು ಲೆಕ್ಕಕ್ಕಿಲ್ಲ, ಸರಿ. ಅವರ ಜತೆ ಅಭ್ಯರ್ಥಿ ವೇದಿಕೆ ಹತ್ತಿದರೆ, ಇಲ್ಲವೇ ಅಭ್ಯರ್ಥಿಯ ಬ್ಯಾನರ್ ಅಲ್ಲಿ ತೂಗಿದರೆ, ಆ ಸಭೆಯ ಖರ್ಚಿನಲ್ಲಿ ಪಾಲು ಬಂದೇ ಬರುತ್ತದೆ. ಮೂವರು ಅಭ್ಯರ್ಥಿಗಳು ವೇದಿಕೆಯಲ್ಲಿದ್ದರೆ ಮೂರು ಪಾಲು.

ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. ಮೊದಲೇ ಮುದ್ರಿಸಿಟ್ಟ ಕರಪತ್ರವನ್ನು ಆಮೇಲೆ ಹಂಚಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಎಡವುವವರು ಬಹಳ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ಇಡೀ ಚುನಾವಣೆಯಲ್ಲಿ ನಗದಾಗಿ ಕೊಡಬಹುದಾದದ್ದು ಒಟ್ಟು 10,000 ರೂಪಾಯಿ, ದಿನಕ್ಕಲ್ಲ. ಚಹಾ–ವಡಾಪಾವ್ ಕೊಡುವವನಿಗೆ ದಿನಾ 900 ಎಣಿಸುತ್ತಾ ಹೋದರೆ ಹನ್ನೆರಡನೇ ದಿನ ನಿಯಮ ಮುರಿದಿರುತ್ತದೆ.

ರಿಜಿಸ್ಟರ್‌ನಲ್ಲಿ ಮೂರು ಬಣ್ಣ: ದಿನದ ಲೆಕ್ಕ ಬಿಳಿ ಹಾಳೆ, ನಗದು ಗುಲಾಬಿ, ಬ್ಯಾಂಕ್ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಒಯ್ಯಬೇಕು. ಅತ್ತ ಚುನಾವಣಾ ಆಯೋಗದ ತಂಡ ನಿಮ್ಮ ಸಭೆಗಳ ವಿಡಿಯೊ ತೆಗೆದು, ಕುರ್ಚಿ ಎಣಿಸಿ, ತನ್ನದೇ ನೆರಳು ಪುಸ್ತಕ ಬರೆಯುತ್ತಿರುತ್ತದೆ. ಅವರ ದರ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯದು. ಕುರ್ಚಿ ನಿಮಗೆ 6 ರೂಪಾಯಿಗೆ ಸಿಕ್ಕಿ ಪಟ್ಟಿಯಲ್ಲಿ 10 ಇದ್ದರೆ ಆ ವ್ಯತ್ಯಾಸಕ್ಕೆ ಬಿಲ್ ಸಮೇತ ಉತ್ತರ ಕೊಡಬೇಕು. ಫಲಿತಾಂಶದ 30 ದಿನದೊಳಗೆ ಪೂರ್ಣ ಲೆಕ್ಕ ಸಲ್ಲಿಸದಿದ್ದರೆ, ಅದಕ್ಕೆ ಸರಿಯಾದ ಕಾರಣವೂ ಇಲ್ಲದಿದ್ದರೆ, ಮೂರು ವರ್ಷ ಅನರ್ಹತೆ. ಸೋತವರೇ ಇದರಲ್ಲಿ ಸಿಕ್ಕಿಬೀಳುವುದು ಹೆಚ್ಚು, ಯಾಕೆಂದರೆ ಸೋತ ಮರುದಿನ ಲೆಕ್ಕದ ಹುಡುಗ ಊರಿಗೆ ಹೋಗಿರುತ್ತಾನೆ.

ನಿಮ್ಮ ಕೊಟೇಶನ್‌ನಲ್ಲಿ ಪೂರ್ಣಾವಧಿ ಲೆಕ್ಕಿಗನ ಸಾಲೇ ಇಲ್ಲ. ಮೊದಲು ಅದನ್ನು ಸೇರಿಸಿ.

ಜುವಾರಿನಗರ

ಗೋವಾದ ಗಣಿತ ಬ್ಯಾರೆ ಅದ ಅಂತ ಲೆಕ್ಕಿಗರು ಹೇಳಿದ್ದು ಖರೇ. ಇಲ್ಲೆ 40 ಕ್ಷೇತ್ರ. 2022ರಾಗ ಸೇಂಟ್ ಆಂದ್ರೆಯೊಳಗ ಗೆಲುವಿನ ಅಂತರ 76 ಮತ, ಸಾಂಖಳಿಯೊಳಗ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಗೆದ್ದದ್ದು 666ರಿಂದ. ಇಷ್ಟು ಸಣ್ಣ ಅಂತರದಾಗ ಟಿವಿ ಜಾಹೀರಾತು ಏನ್ ಮಾಡ್ತದ್ರಿ? ಅದೇ ಚುನಾವಣೆಗೆ ತೃಣಮೂಲ ಕಾಂಗ್ರೆಸ್ ಐ-ಪ್ಯಾಕ್ ಅನ್ನೋ ಚುನಾವಣಾ ಸಲಹಾ ಸಂಸ್ಥೆಯ ತಂಡ ಕಟ್ಟಿಕೊಂಡು ಬಂತು, ಊರ ತುಂಬ ಹೋರ್ಡಿಂಗ್ ನಿಂತವು. ತನ್ನ ಚಿಹ್ನೆ ಮ್ಯಾಲ ಗೆದ್ದದ್ದು ಸೊನ್ನೆ, ಜೋಡಿದಾರ ಎಂಜಿಪಿ (ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ) ಎರಡು. ತಂಡ ಕೆಟ್ಟದ್ದಿತ್ತು ಅಂತಲ್ಲ. ಬೂತಿಗೆ ಕೂಡೋ ಮನುಷ್ಯಾ ಊರವನ ಇರಬೇಕು, ಅವನನ್ನ ನಾಕು ತಿಂಗಳದಾಗ ಹುಟ್ಟಿಸಾಕ ಆಗೂದಿಲ್ಲ.

ಕನ್ನಡದವರ ವಿಷಯ ಹೇಳ್ತೀನಿ. ಬೈನಾ, ಜುವಾರಿನಗರ, ವಾಸ್ಕೊ ಕಡೆ ವಿಜಯಪುರ, ಬಾಗಲಕೋಟಿ, ಗದಗ, ಕೊಪ್ಪಳದ ಮಂದಿ ಭಾಳ. ತಲಿ ಎಣಿಸಿ ‘ಇಷ್ಟು ಸಾವಿರ ಕನ್ನಡ ವೋಟು’ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಕೆಲವರ ಹೆಸರು ಇಲ್ಲಿ ಮತದಾರರ ಯಾದಿಯೊಳಗ (ಪಟ್ಟಿಯೊಳಗ) ಅದ, ಕೆಲವರದು ಊರಾಗ, ಕೆಲವರದು ಎರಡೂ ಕಡೆ. ಎರಡು ಕಡೆ ಇರೂದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣಾ ಕೊಟ್ರ ಒಂದು ವರ್ಷದ ತನಕ ಶಿಕ್ಷೆ ಅದ. ಅದಕ್ಕ ಮೊದಲ ಕೆಲಸ ಅಂದ್ರ ಮನಿ ಮನಿಗೆ ಹೋಗಿ ಕೇಳೂದು: ಯಾದಿಯೊಳಗ ಹೆಸರು ಎಲ್ಲಿ ಅದ? ಬಾಡಿಗಿ ಮನಿ ಬದಲಿ ಮಾಡಿದವರಿಗೆ ನಮೂನೆ 8, ಹೊಸಬರಿಗೆ ನಮೂನೆ 6. ನಾಮಪತ್ರದ ಕಡೀ ದಿನ ದಾಟಿದ ಮ್ಯಾಲ ಹೊಸ ಹೆಸರು ಸೇರೂದಿಲ್ಲ. ಅರ್ಜಿ ವಿಚಾರಣೆಗೂ ದಿನ ಹಿಡಿತದ. ಮೂರು ತಿಂಗಳ ಮೊದಲ ಶುರು ಮಾಡದಿದ್ರ ಈ ಕೆಲಸ ವ್ಯರ್ಥ.

ಇನ್ನ ಮತದಾನಕ್ಕ ಊರಿಗೆ ಬಸ್ ಕಳಸೂದು. ಮುಂಬಯಿಯಿಂದ ಉಡುಪಿಗಿ, ಇಲ್ಲಿಂದ ವಿಜಯಪುರಕ್ಕ. ಅಭ್ಯರ್ಥಿ ಅಥವಾ ಅವನ ಏಜೆಂಟ ಬಾಡಿಗಿ ಗಾಡಿಯೊಳಗ ಮತದಾರರನ್ನ ಪುಕ್ಕಟ ಮತಗಟ್ಟಿಗೆ ಮುಟ್ಟಿಸಿದ್ರ ಅದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಭ್ರಷ್ಟಾಚಾರ, ಗೆದ್ದ ಚುನಾವಣೆನ ರದ್ದಾಗಬಹುದು. ನಾಕು ಮಂದಿ ತಮ್ಮ ರೊಕ್ಕ ಹಾಕಿ ಗಾಡಿ ಮಾಡಿಕೊಂಡು ಹೋದ್ರ ಅಡ್ಡಿಯಿಲ್ಲ.

ಪೇಠೆ ಪುಣೆ

‘ಕನ್ನಡ–ತುಳು ಮತದಾರರ ಡೇಟಾ’ ಎಂಬ ಸಾಲಿಗೆ ಬರುತ್ತೇನೆ. ಇದನ್ನು ತಯಾರಿಸುವ ಕ್ರಮ ಎಲ್ಲ ಕಡೆ ಒಂದೇ. ಮತದಾರರ ಪಟ್ಟಿಯ ಪಿಡಿಎಫ್ ಚಿತ್ರರೂಪದಲ್ಲಿ ಸಿಗುತ್ತದೆ, ಅಕ್ಷರವನ್ನು ನಕಲು ಮಾಡಲಾಗುವುದಿಲ್ಲ. ಅದನ್ನು ಯಂತ್ರದಿಂದ ಓದಿಸುತ್ತಾರೆ, ದೇವನಾಗರಿಯ ಹೆಸರುಗಳನ್ನು ಎಕ್ಸೆಲ್‌ಗೆ ಇಳಿಸುತ್ತಾರೆ, ನಂತರ ಉಪನಾಮದ ಮೇಲೆ ಜಾತಿ–ಭಾಷೆಯ ಚೀಟಿ ಅಂಟಿಸುತ್ತಾರೆ. ಮೊದಲ ಹಂತದಲ್ಲೇ ಒತ್ತಕ್ಷರ ಹಾಳಾಗುತ್ತದೆ. ಒಂದೇ ಮನೆಯ ನಾಲ್ವರ ಉಪನಾಮ ನಾಲ್ಕು ಬಗೆಯಲ್ಲಿ ಬಂದಿರುತ್ತದೆ, ಆಗ ಯಂತ್ರದ ಕಣ್ಣಿಗೆ ಅದು ನಾಲ್ಕು ಕುಟುಂಬ.

ಎರಡನೇ ಹಂತ ಇನ್ನೂ ಅಪಾಯ. ಮುಂಬಯಿಯಲ್ಲಿ ಬಂಗೇರ, ಸುವರ್ಣ, ಕೋಟ್ಯಾನ್ ಎಂದರೆ ಕರಾವಳಿಯವರು ಎಂದು ಬಹುಮಟ್ಟಿಗೆ ಹೇಳಬಹುದು. ಪಾಟೀಲ, ಕುಲಕರ್ಣಿ, ದೇಶಪಾಂಡೆ, ಜೋಶಿ? ಈ ಉಪನಾಮಗಳು ಸೊಲ್ಲಾಪುರದ ಆಚೆಗೂ ಈಚೆಗೂ ಇವೆ. ಪುಣೆಯಲ್ಲಿ ಕುಲಕರ್ಣಿ ಎಂಬ ಹೆಸರಿನಿಂದ ಮನೆಮಾತು ಯಾವುದೆಂದು ಬ್ರಹ್ಮನಿಗೂ ಗೊತ್ತಾಗದು. ನಾಯಕ್ ಅಂದರೆ ಗೋವಾದ ಕೊಂಕಣಿಯವರಿರಬಹುದು, ಅಂಕೋಲೆಯವರಿರಬಹುದು, ಬಂಜಾರರಿರಬಹುದು. ಹೀಗಾಗಿ ಈ ಡೇಟಾ ಕರಾವಳಿಯವರನ್ನು ಹೆಚ್ಚು ಎಣಿಸುತ್ತದೆ, ಉತ್ತರ ಕರ್ನಾಟಕದವರನ್ನು ಮರಾಠಿ ಖಾತೆಗೆ ಹಾಕುತ್ತದೆ. ತಪ್ಪು ಎರಡೂ ಕಡೆ ಸಮವಾಗಿ ಇಲ್ಲ ಎಂಬುದೇ ಇಲ್ಲಿ ಮುಖ್ಯ.

ಪರೀಕ್ಷೆ ಸುಲಭ. ಹಣ ಕೊಡುವ ಮೊದಲು ನೀವು ಆರಿಸಿದ ಎರಡು ಬೂತ್‌ಗಳ ಡೇಟಾ ಕೇಳಿ. ಒಂದು ಹೌಸಿಂಗ್ ಸೊಸೈಟಿಗಳ ಬೂತ್, ಒಂದು ಚಾಳಿನದು (ಸಾಲು ಕೋಣೆಗಳ ವಠಾರ). ಒಂದೊಂದರಲ್ಲೂ 50 ಹೆಸರು ಚೀಟಿ ಎತ್ತಿ ಆರಿಸಿ, ಮನೆಗೆ ಹೋಗಿ ತಾಳೆ ನೋಡಿ. ವಿಳಾಸ ಸರಿ, ವ್ಯಕ್ತಿ ಅಲ್ಲೇ ಇದ್ದಾರೆ, ಮೊಬೈಲ್ ಅವರದೇ: ಈ ಮೂರೂ ಕೂಡಿದ ಹೆಸರು 50ಕ್ಕೆ 35 ದಾಟದಿದ್ದರೆ ಆ ಸಾಲು ಹೊಡೆದುಹಾಕಿ.

ಮೊಬೈಲ್ ನಂಬರು ಮತದಾರರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾದರೆ ಏಜೆನ್ಸಿಗೆ ಎಲ್ಲಿಂದ ಬಂತು ಎಂದು ಲಿಖಿತವಾಗಿ ಕೇಳಿ. ಬಹಳ ಜನ ಇದಕ್ಕೆ ಉತ್ತರಿಸದೆ ಮಾತು ಬದಲಿಸುತ್ತಾರೆ.

ಮುಲುಂಡ್ ಚೆಕ್‌ನಾಕಾ

ಸಮೀಕ್ಷೆ ಎರಡು ಸಲ, ತಲಾ 300 ಜನ ಎಂದಿದ್ದಾರೆ. ಸಾಕೇ ಮೇಡಂ?

ಪೇಠೆ ಪುಣೆ

ಯಾವುದಕ್ಕೆ ಸಾಕು ಎಂಬುದನ್ನು ನೋಡಬೇಕು. ಸರಿಯಾದ ಯಾದೃಚ್ಛಿಕ ಮಾದರಿಯಾದರೆ 300 ಜನಕ್ಕೆ ದೋಷದ ಅಂಚು, ಅಂದರೆ ನಿಜ ಅಂಕಿಯಿಂದ ಸರಿಯಬಹುದಾದ ದೂರ, ಆಚೆ–ಈಚೆ 5.7 ಶೇಕಡಾ. ಆದರೆ ಯಾರೂ 300 ಮನೆ ಬಿಡಿಬಿಡಿಯಾಗಿ ಹುಡುಕಿಕೊಂಡು ಹೋಗುವುದಿಲ್ಲ, 20 ಬೂತ್ ಆರಿಸಿ ತಲಾ 15 ಜನರನ್ನು ಕೇಳುತ್ತಾರೆ. ಒಂದೇ ಗಲ್ಲಿಯವರ ಮನಸ್ಸು ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ಅಂಚು 8ರವರೆಗೂ ಹಿಗ್ಗಬಹುದು. ‘ನಾವು ಮೂರು ಶೇಕಡಾ ಮುಂದಿದ್ದೇವೆ’ ಎಂದು ಹೇಳಲು ಇದು ಏನೇನೂ ಸಾಲದು. ನೀರು ಮುಖ್ಯವೋ, ಕಟ್ಟಡ ಪುನರಭಿವೃದ್ಧಿ ಮುಖ್ಯವೋ, ಅಭ್ಯರ್ಥಿಯ ಹೆಸರು ಎಷ್ಟು ಜನಕ್ಕೆ ಗೊತ್ತು, ಇಂಥದಕ್ಕೆ ಧಾರಾಳ ಸಾಕು.

ಮುಂಬಯಿ–ಪುಣೆಯಲ್ಲಿ ಇನ್ನೊಂದು ತೊಡಕು ಗೇಟು. ವಾಚ್‌ಮನ್ ಒಳಗೆ ಬಿಡುವುದಿಲ್ಲ, ಸೆಕ್ರೆಟರಿ ಫೋನ್ ಎತ್ತುವುದಿಲ್ಲ. ಸಮೀಕ್ಷೆಯ ಹುಡುಗರು ಟಾರ್ಗೆಟ್ ಮುಗಿಸಲು ಪಕ್ಕದ ಚಾಳಿಗೆ, ರಿಕ್ಷಾ ಸ್ಟ್ಯಾಂಡಿಗೆ ಹೋಗುತ್ತಾರೆ. ವರದಿಯಲ್ಲಿ ಚಾಳಿನ ಅಭಿಪ್ರಾಯ ಇಡೀ ಕ್ಷೇತ್ರದ್ದಾಗಿಬಿಡುತ್ತದೆ. ಮೊದಲು ಆರಿಸಿದ ಮನೆಗಳಲ್ಲಿ ಎಷ್ಟು ಸಿಕ್ಕಿದವು, ಎಷ್ಟನ್ನು ಬದಲಿಸಿದರು ಎಂಬ ಹಾಳೆ ಕೇಳಿ. ಪಟ್ಟಿಯಿಂದ ಪ್ರತಿ 80ನೇ ಹೆಸರು ಎಂದು ಕ್ರಮವಾಗಿ ಆರಿಸಿದ್ದರೆ ಆ ಹಾಳೆ ಇದ್ದೇ ಇರುತ್ತದೆ.

ಎರಡನೇ ಸಮೀಕ್ಷೆಯ ಬದಲು ಹಿಂದಿನ ಚುನಾವಣೆಯ ನಮೂನೆ 20 ತೆಗೆದು ಕುಳಿತುಕೊಳ್ಳಿ. ಬೂತ್‌ವಾರು ಮತಗಳ ಲೆಕ್ಕ, ಪುಕ್ಕಟೆ. ಬೂತ್‌ಗಳನ್ನು ಗೆದ್ದದ್ದು, ಸೋತದ್ದು, ನೂರು ಮತದೊಳಗೆ ತೂಗಾಡಿದ್ದು ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿನ ಮತದಾನದ ಪ್ರಮಾಣ ಪಕ್ಕದಲ್ಲಿ ಬರೆಯಿರಿ. ಗೆದ್ದ ಬೂತ್‌ನಲ್ಲಿ ಮತದಾನ ಕಡಿಮೆ ಆಗಿದ್ದರೆ ಅಲ್ಲಿ ಜನರ ಮನ ಒಲಿಸಬೇಕಾಗಿಲ್ಲ, ಮನೆಯಿಂದ ಹೊರಡಿಸಿದರೆ ಸಾಕು. ಒಂದು ಎಚ್ಚರ: ಬೂತ್ ಗಡಿಗಳು ಬದಲಾಗುತ್ತವೆ. ಬೂತಿಗೆ ಗರಿಷ್ಠ ಮತದಾರರ ಸಂಖ್ಯೆಯನ್ನು 1,500ರಿಂದ 1,200ಕ್ಕೆ ಇಳಿಸಿದ ಮೇಲೆ ಹಳೆಯ ನಂಬರು ಹೊಸ ನಂಬರಿಗೆ ಹೊಂದುವುದಿಲ್ಲ, ಕಟ್ಟಡದ ಹೆಸರು ಹಿಡಿದು ಜೋಡಿಸಬೇಕು.

ಲೋವರ್ ಪರೇಲ್ ಕಾಪಿ

ಎಲ್ಲರೂ ಪಟ್ಟಿ, ಹಾಳೆ, ನಮೂನೆ ಎನ್ನುತ್ತಿದ್ದೀರಿ. ಜನ ನಮೂನೆ 20ಕ್ಕೆ ಮತ ಹಾಕುವುದಿಲ್ಲ ಸ್ವಾಮಿ. 2014ರಲ್ಲಿ ಒಂದು ಸಾಲಿನ ಘೋಷಣೆ ಮಕ್ಕಳ ಬಾಯಲ್ಲೂ ಇತ್ತು. ಸಂದೇಶಕ್ಕೆ ಬೆಲೆಯೇ ಇಲ್ಲ ಎನ್ನಬೇಡಿ.

ಸಯನ್ ಲೆಕ್ಕಿಗ

2004ರಲ್ಲಿ ವಾಜಪೇಯಿ ಸರ್ಕಾರದ ‘ಇಂಡಿಯಾ ಶೈನಿಂಗ್’ ಕೂಡ ಎಲ್ಲರ ಬಾಯಲ್ಲಿತ್ತು. ಸರ್ಕಾರ ಹೋಯಿತು.

ಲೋವರ್ ಪರೇಲ್ ಕಾಪಿ

ಹೋಯಿತು, ಯಾಕೆಂದರೆ ಅದು ಕೇಳುವವನ ಬದುಕಿನ ಜತೆ ತಾಳೆಯಾಗಲಿಲ್ಲ. ಅದು ಸಂದೇಶದ ಸೋಲೇ ಹೊರತು ಸಂದೇಶ ಬೇಡ ಎಂಬುದಕ್ಕೆ ಸಾಕ್ಷಿ ಅಲ್ಲ. ಬ್ರೆಜಿಲ್ ನೋಡಿ. ಅಲ್ಲಿ ಟಿವಿಯಲ್ಲಿ ದುಡ್ಡು ಕೊಟ್ಟು ಚುನಾವಣಾ ಜಾಹೀರಾತು ಹಾಕುವಂತಿಲ್ಲ, ಸಂಸತ್ತಿನ ಬಲಕ್ಕೆ ತಕ್ಕಂತೆ ಉಚಿತ ಸಮಯ ಹಂಚುತ್ತಾರೆ. ಸೆಕೆಂಡುಗಳಿಗಾಗಿಯೇ ಮೈತ್ರಿ ಕಟ್ಟುತ್ತಾರೆ. 2018ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಆಲ್ಕ್‌ಮಿನ್‌ಗೆ ಪ್ರತಿ ಕಂತಿನಲ್ಲಿ ಐದು ನಿಮಿಷಕ್ಕೂ ಹೆಚ್ಚು ಸಿಕ್ಕಿತು, ಬೊಲ್ಸೊನಾರೊಗೆ 8 ಸೆಕೆಂಡ್. ಮೊದಲನೆಯವರು ಶೇ. 5 ಮತವನ್ನೂ ಮುಟ್ಟಲಿಲ್ಲ, ಎರಡನೆಯವರು ಅಧ್ಯಕ್ಷರಾದರು. ಮಾತು ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಹರಿದಿತ್ತು. 2024ರಲ್ಲಿ ಇಂಡೋನೇಷ್ಯಾದಲ್ಲಿ ಪ್ರಬೋವೊ ಅವರನ್ನು, ಮಾಜಿ ಸೇನಾಧಿಕಾರಿಯನ್ನು, ಮುದ್ದಾದ ಕಾರ್ಟೂನ್ ಅಜ್ಜನಾಗಿ ಟಿಕ್‌ಟಾಕ್‌ನಲ್ಲಿ ಕುಣಿಸಿದರು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಯುವಕರು. ಅದು ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ, ಕೆಲಸ ಮಾಡಿತು.

ರೀಲ್ಸ್ ಸಾಲಿನ ಬಗ್ಗೆ ಮಾತ್ರ ಹೇಳುವೆ. ದಿನಕ್ಕೆ ಮೂರು ಬೇಡ, ವಾರಕ್ಕೆ ಮೂರು ಸಾಕು. ಒಂದರಲ್ಲಿ ಒಂದೇ ವಿಷಯ, 30 ಸೆಕೆಂಡ್, ಮೊದಲ ಮೂರು ಸೆಕೆಂಡಿನಲ್ಲಿ ಆ ವಾರ್ಡಿನ ಗುರುತಿನ ಜಾಗ ಕಾಣಬೇಕು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಎರಡನೇ ತಲೆಮಾರಿನ ಬಹಳ ಕನ್ನಡಿಗರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರಿಗೆ ಕನ್ನಡ ಕರಪತ್ರ ಕೊಟ್ಟರೆ ಅಜ್ಜಿಗೆ ದಾಟಿಸುತ್ತಾರೆ. ತುಳು, ಕನ್ನಡದ ಧ್ವನಿ ಸಂದೇಶವೇ ವಾಸಿ. ಏಜೆನ್ಸಿಯವರು ಮರಾಠಿ ಬರಹವನ್ನು ಯಂತ್ರಾನುವಾದ ಮಾಡಿ ಕೊಡುತ್ತಾರೆ, ಮುದ್ರಣಕ್ಕೆ ಹೋಗುವ ಮೊದಲು ಕನ್ನಡ ಬಲ್ಲವರೊಬ್ಬರು ಗಟ್ಟಿಯಾಗಿ ಓದಲೇಬೇಕು.

ಸಯನ್ ಲೆಕ್ಕಿಗ

ರೀಲ್ಸ್‌ಗೆ ಕಾನೂನಿನ ಕೊಂಡಿ ಸೇರಿಸುತ್ತೇನೆ. ಅಭ್ಯರ್ಥಿ ತನ್ನ ಖಾತೆಯಲ್ಲಿ ಸುಮ್ಮನೆ ಹಾಕಿದ ಪೋಸ್ಟ್‌ಗೆ ಪೂರ್ವ ಪ್ರಮಾಣಪತ್ರ ಬೇಡ. ಅದನ್ನೇ ದುಡ್ಡು ಕೊಟ್ಟು ಬೂಸ್ಟ್ ಮಾಡಿದರೆ ಅದು ಜಾಹೀರಾತು. ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಸಮಿತಿಗೆ ಪ್ರಸಾರಕ್ಕೆ ಮೂರು ದಿನ ಮೊದಲೇ ಅರ್ಜಿ, ಜತೆಗೆ ಬರಹದ ಪ್ರತಿ, ತಯಾರಿಕೆ ಮತ್ತು ಪ್ರಸಾರದ ಖರ್ಚು. ಬಲ್ಕ್ ಎಸ್‌ಎಂಎಸ್, ಧ್ವನಿ ಸಂದೇಶಕ್ಕೂ ಇದೇ ದಾರಿ. ‘ಬೆಳಿಗ್ಗೆ ಶೂಟ್, ಸಂಜೆ ಬೂಸ್ಟ್’ ಎಂದು ಕೊಟೇಶನ್‌ನಲ್ಲಿದ್ದರೆ ಅವರಿಗೆ ನಿಯಮ ಗೊತ್ತಿಲ್ಲ. ಸಾಮಾಜಿಕ ಮಾಧ್ಯಮದ ತಂಡದ ಸಂಬಳವೂ ವೆಚ್ಚದೊಳಗೇ ಬರುತ್ತದೆ. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ 48 ಗಂಟೆ ಬಂತೆಂದರೆ ಈ ಜಾಹೀರಾತು, ಸಂದೇಶ ಎಲ್ಲ ಬಂದ್.

ಕರಪತ್ರದ ಅಡಿಯಲ್ಲಿ ಮುದ್ರಕ, ಪ್ರಕಾಶಕರ ಹೆಸರು–ವಿಳಾಸ ಇಲ್ಲದಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು.

‘ನಮ್ಮವ, ಕನ್ನಡಿಗ, ಅದಕ್ಕೆ ಮತ ಕೊಡಿ’ ಎಂಬ ಸಾಲು ಯಾವ ಭಾಷೆಯಲ್ಲೂ ಬೇಡ. ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ 4–3ರಿಂದ ತೀರ್ಪು ಕೊಟ್ಟಿದೆ: ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳಿದರೂ ಅದು ಭ್ರಷ್ಟ ಆಚರಣೆ. ಕನ್ನಡದಲ್ಲಿ ಕರಪತ್ರ ಹಾಕುವುದು ತಪ್ಪಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಕಟ್ಟಡ, ಶಿಕ್ಷಕರ ಮಾತು ಎತ್ತುವಾಗಲೂ ವಾಕ್ಯವನ್ನು ವಕೀಲರಿಗೆ ತೋರಿಸಿ. ಸಂಘಗಳ ವೇದಿಕೆಯಲ್ಲಿ ಉತ್ಸಾಹಕ್ಕೆ ಬಿದ್ದವರು ಮೈಕ್ ಹಿಡಿದು ಆಡಿದ ಒಂದು ಮಾತೇ ಚುನಾವಣಾ ಅರ್ಜಿಗೆ ಸಾಕ್ಷಿಯಾಗುತ್ತದೆ.

ಕಾಂದಿವಲಿ ಬೂತ್

ವಾಟ್ಸಾಪ್ ಸಾಲು ಯಾರೂ ಮುಟ್ಟಲಿಲ್ಲವಲ್ಲ ಮಾರಾಯ್ರೆ. ಲಕ್ಷ ಜನರಿಗೆ ಕಳಿಸುತ್ತೇವೆ ಅಂದರೆ ಹೇಗೆ ಎಂದು ಕೇಳಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಿತಿ, ಅದೂ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುವುದು. ವ್ಯಾಪಾರಿ ಎಪಿಐ (ಕಂಪನಿಗಳು ಒಟ್ಟಿಗೆ ಸಂದೇಶ ಕಳಿಸುವ ವ್ಯವಸ್ಥೆ) ಮೂಲಕ ಕಳಿಸುವುದಕ್ಕೆ ಪಕ್ಷ, ಅಭ್ಯರ್ಥಿಗಳಿಗೆ ಕಂಪನಿಯ ನಿಯಮದಲ್ಲೇ ಅವಕಾಶ ಇಲ್ಲ. ಉಳಿಯುವುದು ಹೊಸ ಹೊಸ ಸಿಮ್ ಹಾಕಿ ಅಪರಿಚಿತರಿಗೆ ತಳ್ಳುವುದು. ಜನ ರಿಪೋರ್ಟ್ ಒತ್ತುತ್ತಾರೆ, ನಂಬರು ಬ್ಯಾನ್ ಆಗುತ್ತದೆ, ಏಜೆನ್ಸಿ ‘ಕಳಿಸಿದ್ದು’ ಎಂಬ ಅಂಕಿ ತೋರಿಸಿ ಬಿಲ್ ಮಾಡುತ್ತದೆ. ನಡೆಯುವ ಕ್ರಮ ಒಂದೇ ಉಂಟು: ಬೂತಿಗೊಬ್ಬ, ಅವನು ಅಲ್ಲಿಯೇ ಇರುವವನು, ಅವನ ಸ್ವಂತ ಫೋನಿನಿಂದ ಕಟ್ಟಡದ ಗುಂಪುಗಳಿಗೆ.

ಇನ್ನು ದಿನದ ಲೆಕ್ಕ. ನಾಮಪತ್ರ ಹಿಂಪಡೆಯುವ ಕೊನೆಯ ದಿನದಿಂದ ಮತದಾನಕ್ಕೆ ಕನಿಷ್ಠ 14 ದಿನ, ಅದರಲ್ಲಿ ಕೊನೆಯ ಎರಡು ದಿನ ಸಭೆ, ಮೆರವಣಿಗೆ ಬಂದ್. 2.8 ಲಕ್ಷ ಮತದಾರರೆಂದರೆ ಸುಮಾರು 70,000 ಮನೆ. ಇಬ್ಬರ ಒಂದು ಜೋಡಿ ಸಂಜೆ 7ರಿಂದ 9ರವರೆಗೆ 40 ಮನೆ ಮುಗಿಸಬಹುದು, ಲಿಫ್ಟ್ ಇದ್ದರೆ 50. ಮುಂಬಯಿಯಲ್ಲಿ 7ಕ್ಕೆ ಮೊದಲು ಹೋದರೆ ಅರ್ಧ ಮನೆ ಬೀಗ, ಉಳಿದವರು ಇನ್ನೂ ಲೋಕಲ್ ಟ್ರೈನಿನಲ್ಲಿ. ನೂರು ಜೋಡಿ ಇದ್ದರೂ 17–18 ಸಂಜೆ ಬೇಕು. ಹಾಗಾಗಿ ಪೂರ್ತಿ ಸುತ್ತು ನಾಮಪತ್ರಕ್ಕೆ ಮೊದಲೇ ಆಗಬೇಕು, ಎರಡನೇ ಸುತ್ತು ಪೇಠೆ ಪುಣೆಯವರು ಹೇಳಿದ ತೂಗಾಡುವ ಬೂತ್‌ಗಳಿಗೆ ಮಾತ್ರ. ಸೊಸೈಟಿಗೆ ಹೋಗುವ ಮೊದಲು ಸೆಕ್ರೆಟರಿಗೆ ಪತ್ರ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೆಳಗಿನ ಪ್ಯಾಸೇಜಿನಲ್ಲಿ ಕುರ್ಚಿ. ಅದೇ ಒಳ್ಳೆಯದು.

ಬೂತ್ ತರಬೇತಿಯನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ ಎಂದಿರಿ. ಅದನ್ನು ಮೊದಲ ಸಾಲು ಮಾಡಿ. ಏಜೆಂಟ್ ನಮೂನೆ 10 (ನೇಮಕಾತಿ ಪತ್ರ) ಹಿಡಿದು ಅಣಕು ಮತದಾನಕ್ಕೆ ಹಾಜರಿರಬೇಕು, ಅಂದರೆ ಮತದಾನಕ್ಕೆ ಒಂದೂವರೆ ಗಂಟೆ ಮೊದಲು. ಕನಿಷ್ಠ 50 ಮತ ಒತ್ತಿ, ಎಣಿಸಿ, ಅಳಿಸಿ, ಸೊನ್ನೆ ತೋರಿಸಿದ ಮೇಲೇ ಸೀಲು. 8 ಗಂಟೆಗೆ ಬಂದವನಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಹೊರಗೆ 100 ಮೀಟರ್ ಆಚೆ ಒಂದು ಮೇಜು, ಎರಡು ಕುರ್ಚಿ. ಅಲ್ಲಿ ಕೊಡುವ ಚೀಟಿ ಬಿಳಿ ಕಾಗದದ್ದು, ಪಕ್ಷದ ಹೆಸರು, ಚಿಹ್ನೆ ಇರಬಾರದು. ಚೀಟಿ ಕೊಟ್ಟ ಹೆಸರಿಗೆ ಅಲ್ಲೇ ಗುರುತು ಹಾಕುತ್ತಾ ಹೋದರೆ 11, 1, 3 ಗಂಟೆಗೆ ಯಾರು ಬಂದಿಲ್ಲ ಎಂದು ತಿಳಿಯುತ್ತದೆ, ಓಡಾಡುವ ನಾಲ್ವರು ಆ ಮನೆಗಳಿಗೆ ಹೋಗಬಹುದು. ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆ ಹಿಂದಿನಿಂದ ಮುಂದಕ್ಕೆ ಚೀಟಿ ಹಂಚುತ್ತಾರೆ, ಅವರೆಲ್ಲ ಮತ ಹಾಕಬಹುದು. ‘ಟೈಮ್ ಆಯಿತು’ ಎಂದು ಮನೆಗೆ ಹೋದವರ ಮತ ಹೋಯಿತು.

ಕಡೆಗೆ ನಮೂನೆ 17ಸಿ. ಬೂತಿನಲ್ಲಿ ಎಷ್ಟು ಮತ ಬಿತ್ತು, ಯಂತ್ರದ ನಂಬರು, ಸೀಲಿನ ನಂಬರು, ಎಲ್ಲ ಅದರಲ್ಲಿ. ಪ್ರತಿ ಏಜೆಂಟಿಗೆ ಪ್ರತಿ ಕೊಡಲೇಬೇಕು. ರಾತ್ರಿಯೇ ಫೋಟೊ ತೆಗೆದು ಕಚೇರಿಗೆ, ಮೂಲ ಪ್ರತಿ ಲಕೋಟೆಯಲ್ಲಿ. ಎಣಿಕೆ ಮೇಜಿನಲ್ಲಿ ಇದನ್ನಿಟ್ಟುಕೊಂಡೇ ತಾಳೆ ನೋಡುವುದು. ಮುಂಬಯಿ ವಾಯವ್ಯದಲ್ಲಿ 2024ರಲ್ಲಿ ರವೀಂದ್ರ ವಾಯ್ಕರ್ ಗೆದ್ದದ್ದು 48 ಮತದಿಂದ. ಅಂಥ ದಿನ ಕಾಗದ ಇಲ್ಲದವನ ತಕರಾರನ್ನು ಯಾರೂ ಕೇಳುವುದಿಲ್ಲ. ಕೀನ್ಯಾದಲ್ಲಿ 2017ರ ಅಧ್ಯಕ್ಷೀಯ ಚುನಾವಣೆಯನ್ನು ಅಲ್ಲಿಯ ಸುಪ್ರೀಂ ಕೋರ್ಟು ರದ್ದು ಮಾಡಿತು, ಫಲಿತಾಂಶ ರವಾನೆಯ ಲೋಪ ಮುಖ್ಯ ಕಾರಣ. 2022ರಲ್ಲಿ ಆಯೋಗವೇ 46,000ಕ್ಕೂ ಹೆಚ್ಚು ಮತಗಟ್ಟೆಗಳ ನಮೂನೆ 34ಎ (ಮತಗಟ್ಟೆಯ ಫಲಿತಾಂಶ ಪತ್ರ) ಚಿತ್ರಗಳನ್ನು ಜಾಲತಾಣಕ್ಕೆ ಹಾಕಿತು, ಯಾರು ಬೇಕಾದರೂ ಕೂಡಿಸಿ ನೋಡಬಹುದಿತ್ತು. ನಮ್ಮಲ್ಲಿ 17ಸಿ ಹಾಗೆ ಸಿಗುವುದಿಲ್ಲ, ನಿಮ್ಮ ಏಜೆಂಟ್ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೇಠೆ ಪುಣೆ

ಇದನ್ನು ಓದಿ ಯಾರಾದರೂ ಪಾಲಿಕೆ ಚುನಾವಣೆಗೆ ಹೊರಟರೆ ಒಂದು ತಿದ್ದುಪಡಿ. ಅದು ರಾಜ್ಯ ಚುನಾವಣಾ ಆಯೋಗದ ಕೆಲಸ, ವೆಚ್ಚದ ಮಿತಿ, ನಮೂನೆಗಳು ಬೇರೆ, ವಿವಿಪ್ಯಾಟ್ (ಮತದ ಕಾಗದ ಚೀಟಿ ತೋರಿಸುವ ಯಂತ್ರ) ಇಲ್ಲ. ಮುಂಬಯಿಯಲ್ಲಿ 227 ವಾರ್ಡ್, ವಾರ್ಡಿಗೊಬ್ಬ ನಗರಸೇವಕ. ಪುಣೆಯಲ್ಲಿ ಬಹುತೇಕ ನಾಲ್ಕು ಸದಸ್ಯರ ಪ್ರಭಾಗ (ದೊಡ್ಡ ವಾರ್ಡ್), ಅ, ಬ, ಕ, ಡ ಎಂದು ಮತದಾರ ನಾಲ್ಕು ಗುಂಡಿ ಒತ್ತಬೇಕು. ಕರಪತ್ರದಲ್ಲಿ ನಾಲ್ವರ ಫೋಟೊ ಹಾಕಿ ಅಕ್ಷರ ಹಾಕದಿದ್ದರೆ ‘ಅ’ಗೆ ಬಿದ್ದ ಮತ ‘ಡ’ಗೆ ಬರುವಷ್ಟರಲ್ಲಿ ಸೋರಿಹೋಗಿರುತ್ತದೆ. ಖರ್ಚನ್ನೂ ನಾಲ್ಕು ಪಾಲು ಮಾಡಿ ನಾಲ್ಕು ಪುಸ್ತಕದಲ್ಲಿ ಬರೆಯಬೇಕು.

ಮುಲುಂಡ್ ಚೆಕ್‌ನಾಕಾ

ಹಾಗಾದರೆ ಒಂದು ಸಮೀಕ್ಷೆ, ವಾರಕ್ಕೆ ಮೂರು ರೀಲ್ಸ್, ಬೂತ್ ತರಬೇತಿ, ಲೆಕ್ಕಿಗ. ಡೇಟಾ ಸಾಲು ಎರಡು ಬೂತ್‌ಗಳ ಪರೀಕ್ಷೆಯ ನಂತರ. ವಾಟ್ಸಾಪ್ ಬೇಡ. ವಾರ್ ರೂಮ್?

ಸಯನ್ ಲೆಕ್ಕಿಗ

ವಾರ್ ರೂಮ್ ಅಂದರೆ ಬಾಡಿಗೆ, ಎಸಿ, ಟಿವಿ ಪರದೆ, ಎಂಟು ಹುಡುಗರು. ಬೇಕಾದದ್ದು ಒಂದು ಕೋಣೆ, ಎರಡು ಫೋನು, ಬೂತ್‌ವಾರು ಗೋಡೆಪಟ್ಟಿ. ಉಳಿದ ಕರಾರಿನಲ್ಲಿ ಮೂರು ಷರತ್ತು ಬರೆಸಿಕೊಳ್ಳಿ. ಹಣ ಮೂರು ಕಂತು, ಕೊನೆಯ ಕಂತು ಎಲ್ಲ ಬಿಲ್ ಕೈಸೇರಿದ ಮೇಲೆ, ಫಲಿತಾಂಶದಿಂದ 20 ದಿನದೊಳಗೆ, ಯಾಕೆಂದರೆ 30ನೇ ದಿನ ನಿಮ್ಮ ಗಡುವು. ಕೊಟೇಶನ್‌ನ ಮೊತ್ತಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಈಗಲೇ ಬರೆಸಿ, ತೆರಿಗೆಯೂ ವೆಚ್ಚದ ಮಿತಿಯೊಳಗೇ ಎಣಿಕೆಯಾಗುತ್ತದೆ. ಮನೆ ಮನೆ ತಿರುಗಿ ಸಂಗ್ರಹಿಸಿದ ಡೇಟಾ ಎಕ್ಸೆಲ್ ರೂಪದಲ್ಲಿ ನಿಮಗೆ ಬರಬೇಕು, ಅವರಲ್ಲಿರುವ ಪ್ರತಿ ಅಳಿಸಿದ್ದೇವೆ ಎಂಬ ಪತ್ರ ಜತೆಗೆ. ಈ ಕೊನೆಯ ಷರತ್ತಿಗೆ ಏಜೆನ್ಸಿ ಒಪ್ಪದಿದ್ದರೆ ಮುಂದಿನ ಚುನಾವಣೆಗೆ ಅದೇ ಪಟ್ಟಿ ಎದುರು ಪಕ್ಷದ ಮೇಜಿನ ಮೇಲಿರುತ್ತದೆ.

ಜುವಾರಿನಗರ

ಮತ್ತ ಆ ಎಕ್ಸೆಲ್ ತಗೊಳ್ಳೂವಾಗ ಬೂತ್ ನಂಬರಿನ ಜೋಡಿ ಮನಿ ನಂಬರು, ಕಟ್ಟಡದ ಹೆಸರು ಬ್ಯಾರೆ ಬ್ಯಾರೆ ಕಾಲಮ್‌ನ್ಯಾಗ ಅದಾವೋ ಇಲ್ಲೋ ನೋಡಿ ತಗೋರಿ. ಒಂದ ಕಾಲಮ್‌ನ್ಯಾಗ ತುರುಕಿ ಕೊಟ್ಟಿದ್ರ ಮುಂದ ಬೂತ್ ಒಡದಾಗ ಬಿಡಿಸಾಕ ಬರೂದಿಲ್ಲ.